ಕಿಟಕಿ ನೋಡುತ್ತಿದ್ದ ಸಾಕ್ಷಿ

ಅಥಣಿ, ಡಿಸೆಂಬರ್ ೯

ಚಿಕ್ಕಪ್ಪ, ನಮಸ್ಕಾರ.

ನೀವು ಕೆಲಸ ಮಾಡುತ್ತಿದ್ದ ಕೋರ್ಟಿನಲ್ಲೇ ಟೈಪಿಸ್ಟ್ ಆಗಿ, ಆಮೇಲೆ ಎಂಟು ವರ್ಷ ವಕೀಲಿ ಮಾಡಿ, ಪರೀಕ್ಷೆ ಬರೆದು ಜಡ್ಜ್ ಆದ ನಾನು ಮೊದಲ ತಿಂಗಳಲ್ಲೇ ತಪ್ಪು ಮಾಡಿದೆ. "ಸಾಕ್ಷಿಯ ಮುಖ ನೋಡಿ ಮಾತು ತೂಗಬೇಡ" ಎಂದು ಚಾಮರಾಜನಗರದ ಬಸ್ ನಿಲ್ದಾಣದಲ್ಲೂ ಹೇಳಿ ಕಳಿಸಿದ್ದಿರಿ.

ಅಂಚೆ ಕಾರ್ಡನ್ನು ಯಾರಾದರೂ ಓದಬಹುದು, ಹೆಸರು ಬರೆಯುವುದಿಲ್ಲ. ಅಣ್ಣತಮ್ಮಂದಿರ ಕಬ್ಬಿನ ಹೊಲದ ಪಾಲಿನ ದಾವೆ. ನಿನ್ನೆ ಸಂಜೆ ಕಟಕಟೆಯಲ್ಲಿದ್ದ ಅಣ್ಣ, ಪ್ರಶ್ನೆ ಕೇಳಿದಾಗಲೆಲ್ಲ ಕಿಟಕಿಯ ಕಡೆ ನೋಡುತ್ತಿದ್ದ. ಸುಳ್ಳು ಹೇಳುವವನ ಚಾಳಿ ಎಂದುಕೊಂಡು ಗದರಿಸಿದೆ. ಆಗ ಅವನ ಮೇಲೆ ದಾವೆ ಹೂಡಿದ ತಮ್ಮನೇ ಎದ್ದು ನಿಂತ.

"ಸಾಹೇಬ್ರ, ನಾವು ಜೈನರು. ಹೊತ್ತು ಮುಳುಗಿದ ಮ್ಯಾಲ ಅಣ್ಣ ಉಣ್ಣೂದಿಲ್ರಿ, ಹೋಟೆಲ್‌ದಾಗ ಮೊದಲೇ ಉಣ್ಣೂದಿಲ್ಲ. ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ. ಈಗ ಬಿಟ್ರ ಮನಿ ಮುಟ್ಟತಾನ. ಉಳಿದದ್ದು ನಾಳೆ ಕೇಳ್ರಿ."

ವಿಚಾರಣೆ ಮುಂದೂಡಿದೆ. ಸೂರ್ಯ ಆಗಲೇ ಬೇವಿನ ಮರದ ಕೆಳಗಿಳಿದಿದ್ದ. ಹೊರಗೆ ತಮ್ಮ ಬೈಕ್ ಚಾಲೂ ಮಾಡಿ, "ಲಗೂ ಹತ್ತೋ ಅಣ್ಣಾ, ಹೊತ್ತು ಹೊಂಟೈತಿ" ಎಂದು ಕೂಗಿದ್ದು ನನ್ನ ಪೀಠದವರೆಗೂ ಕೇಳಿಸಿತು.

ನಾನು ಕ್ಷೇಮ. ಜೋಳದ ರೊಟ್ಟಿ ಒಗ್ಗಿದೆ, ಚಳಿ ಒಗ್ಗಿಲ್ಲ. ಅಮ್ಮನ ಕಂದು ಶಾಲನ್ನು ಪಾರ್ಸೆಲ್ ಮಾಡಿ. ಇಲ್ಲಿಂದ ವರ್ಗವಾಗಲು ಇನ್ನೂ ಮೂರು ವರ್ಷವಿದೆ.

ಜವಾನ ಬಂದು ಕರೆಯುತ್ತಿದ್ದಾನೆ, ಹತ್ತೂವರೆಯಾಯಿತು. ಅಣ್ಣತಮ್ಮಂದಿರು ಇವತ್ತೂ ಅದೇ ಬೈಕಿನಲ್ಲಿ ಬಂದಿದ್ದಾರೆ. ಅವರ ಹೊಲವನ್ನು ನಾನು ಎರಡು ಮಾಡಬೇಕು.

ನಿಮ್ಮ
ಯಶೋದೆ