ಎಮ್ರಿಸ್ ಮನೆತನದ ಕೊನೆಯ ಚರ್ಮ

ನ್ಯೂವಾರ್ಕ್, ನ್ಯೂಜೆರ್ಸಿ
೪ ಏಪ್ರಿಲ್ ೨೦೦೯

ಪ್ರೀತಿಯ ಚನ್ನಕ್ಕನಿಗೆ ನಿನ್ನ ತಮ್ಮ ಮಹದೇವನ ನಮಸ್ಕಾರಗಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರಿಸಲಿಲ್ಲ. ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ. ಭಾವನ ಮಂಡಿನೋವು ಹೇಗಿದೆ? ಮಗಳು ಹರ್ಷಿತಾಳನ್ನು ನಾನು ಕನ್ನಡದಲ್ಲಿ ಗದರಿದರೆ ಅವಳು ಇಂಗ್ಲಿಷಿನಲ್ಲಿ ಸಾರಿ ಕೇಳುತ್ತಾಳೆ. ಕೋಪ ಅರ್ಧಕ್ಕೇ ನಿಲ್ಲುತ್ತದೆ.

ಅಕ್ಕ, ನಮ್ಮ ಟ್ಯಾನರಿ ಮುಚ್ಚುತ್ತಿದೆ. ಬ್ಯಾಂಕುಗಳೇ ಮಕಾಡೆ ಮಲಗಿರುವಾಗ ಇವರಿಗೆ ಸಾಲ ಕೊಡುವವರು ಯಾರು? ಚರ್ಮದ ಕೆಲಸ ಹೋದ ತಿಂಗಳೇ ನಿಂತಿತು, ಈ ತಿಂಗಳ ಕೊನೆಗೆ ಬೀಗ. ಕೆಲಸ ಹೋದ ದಿನವೇ ನನ್ನ ವೀಸಾ ಕೂಡ ಹೋದಂತೆ. ಅಷ್ಟರಲ್ಲಿ ಬೇರೆ ಕಂಪನಿ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಇತ್ತ ಲಕ್ಷ್ಮಿ ತುಂಬು ಬಸುರಿ, ವಿಮಾನ ಹತ್ತಿಸಬೇಡಿ ಎಂದಿದ್ದಾರೆ ಡಾಕ್ಟರು. ಇರುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲ.

ಮಾಲೀಕ ಎಮ್ರಿಸ್ ಎಪ್ಪತ್ತು ದಾಟಿದವರು. ಅವರ ಮುತ್ತಾತ ವೇಲ್ಸ್ ದೇಶದ ಒಂದು ಸಣ್ಣ ಊರಿನಲ್ಲಿ, ಹೊಳೆ ದಂಡೆಯಲ್ಲಿ ಗುಂಡಿ ತೋಡಿ ಚರ್ಮ ಹದ ಮಾಡುತ್ತಿದ್ದವರು. ಅಲ್ಲಿ ಓಕ್ ಮರದ ತೊಗಟೆ ಹಾಕುತ್ತಿದ್ದರಂತೆ, ನಮ್ಮಪ್ಪ ತಂಗಡಿ ತೊಗಟೆ ಹಾಕುತ್ತಿದ್ದ ಹಾಗೆ. ಮುತ್ತಾತ ಹೆಗಲ ಮೇಲೆ ಚರ್ಮ ಹೊತ್ತು ನಿಂತ ಫೋಟೋ ಆಫೀಸಿನ ಬಾಗಿಲ ಮೇಲೆಯೇ ಇದೆ. ಬಂದವರಿಗೆಲ್ಲ ತೋರಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಪ್ಪನ ವಿಷಯ ಈ ದೇಶದಲ್ಲಿ ಅವರೊಬ್ಬರಿಗೇ ಹೇಳಿದ್ದೆ.

ಕಾರ್ಖಾನೆ ಮುಚ್ಚುವಾಗ ಕೊನೆಯ ಚರ್ಮವನ್ನು ಮನೆಯವರು ಹೆಗಲ ಮೇಲೆ ಹೊತ್ತು ಹೊರತರಬೇಕಂತೆ. ವೇಲ್ಸಿನಲ್ಲಿ ಮುಚ್ಚಿದಾಗಲೂ ಹಾಗೇ ಮಾಡಿದ್ದರಂತೆ. ಎಮ್ರಿಸ್‌ಗೆ ಬೆನ್ನುನೋವು, ಮಕ್ಕಳು ಬರಲಿಲ್ಲ. "ನೀನೇ ಹೊರು, ನಿನ್ನ ಅಪ್ಪನೂ ನಮ್ಮವನೇ" ಎಂದರು. ಹೊತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಪರಿನವನು ಫೋಟೋ ತೆಗೆದ. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಹೊಸ ಕೆಲಸಕ್ಕೆ ಬದರಿಯವರನ್ನು ನಂಬಿದ್ದೇನೆ. ನಮ್ಮ ಮೈಸೂರಿನವರು, ಕ್ರ್ಯಾನ್‌ಬರಿಯ ಔಷಧಿ ಕಂಪನಿಯೊಂದರಲ್ಲಿ ಲ್ಯಾಬ್ ಮ್ಯಾನೇಜರು. ನಾನು ಚರ್ಮದ ಕೆಮಿಸ್ಟ್ ಎಂಬುದು ಅವರಿಗೆ ಗೊತ್ತು. ಓದಿ ಆ ಕೆಲಸಕ್ಕೆ ಬಂದವನ ಜಾತಿ ಯಾರೂ ಕೇಳುವುದಿಲ್ಲ. "ರೆಸ್ಯೂಮೆ ಈಮೇಲ್ ಮಾಡ್ರೀ, ವೀಸಾ ಟ್ರಾನ್ಸ್‌ಫರ್ ಮಾಡಿಸೋಣ. ನಮ್ಮವ್ರನ್ನ ನಾವೇ ಕೈಬಿಟ್ರೆ ಹೇಗೆ?" ಎಂದಿದ್ದರು. ಸೋಮವಾರ ಅವರೇ ಬಾಸ್ ಹತ್ತಿರ ಕರೆದೊಯ್ಯಬೇಕು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಲಕ್ಷ್ಮಿಯ ಹೆರಿಗೆ ಸಸೂತ್ರವಾಗಲೆಂದು ಮಾದೇಶ್ವರನಿಗೆ ಹರಸಿಕೋ.

ನಿನ್ನ ತಮ್ಮ,
ಮಹದೇವ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಹಬ್ಬ ಯಾವ ದಿನ ಬಿದ್ದರೂ ಇಲ್ಲಿ ಮಾಡುವುದು ಭಾನುವಾರ. ಯುಗಾದಿಗೆ ಲಕ್ಷ್ಮಿ ಆ ಹೊಟ್ಟೆ ಹೊತ್ತುಕೊಂಡೇ ಒಬ್ಬಟ್ಟು ತಟ್ಟಿ ಬದರಿಯವರ ಮನೆಗೆ ಕಳಿಸಿದಳು. ಅವತ್ತೇ ಪೇಪರಿನಲ್ಲಿ ನನ್ನ ಫೋಟೋ ಬಂತು, ಕೆಳಗೆ ಎಮ್ರಿಸ್ ಅಭಿಮಾನದಿಂದ ಹೇಳಿದ ಮಾತು: ಇವನ ಅಪ್ಪ, ಅಜ್ಜ ಎಲ್ಲರೂ ನಮ್ಮಂತೆ ಚರ್ಮ ಹದ ಮಾಡಿದವರು. ಮರುದಿನ ಡಬ್ಬ ನಮ್ಮ ಬಾಗಿಲ ಹಿಡಿಯಲ್ಲಿ ನೇತಾಡುತ್ತಿತ್ತು. ಒಂದು ಒಬ್ಬಟ್ಟನ್ನೂ ಮುಟ್ಟಿರಲಿಲ್ಲ. "ದೇ ಸೇವ್ಡ್ ದೆಮ್ ಫಾರ್ ಅಸ್!" ಎಂದು ಹರ್ಷಿತಾ ಕುಣಿದು ತಿಂದಳು. ಆಮೇಲೆ ಬದರಿ ನನ್ನ ಫೋನ್ ಎತ್ತಿಲ್ಲ. ಆದರೂ ಸೋಮವಾರ ಅವರ ಮನೆಗೇ ಹೋಗಿ ನಿಲ್ಲಬೇಕು, ಅಕ್ಕ. ಲಕ್ಷ್ಮಿ ಈಗಲೇ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ.