ಲಗೂನ ಹೂಂ ಅಂದವಳ ಪಗಾರ

ಸಿಟ್ಟಿನ ಮಂಜಕ್ಕನಿಗೆ,

ಬಂಕಾಪುರದಿಂದ ನಿನ್ನ ಜಯಶ್ರೀಯ ಶರಣು. ಫೋನ್ ಮಾಡೋಣವೆಂದರೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀ. ಕಾಗದವನ್ನು ಹೇಗೆ ಬ್ಲಾಕ್ ಮಾಡುತ್ತೀ ನೋಡೋಣ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ.

ಸವಣೂರಿನ ಆ ಶೆಡ್ಡಿನಲ್ಲಿ ನಾವಿಬ್ಬರೂ ಎದುರುಬದುರು ಕುಳಿತು ಖಾರದ ಪಾಕೀಟು ತುಂಬುತ್ತಿದ್ದೆವು. ಇಬ್ಬರಿಗೂ ಅದೇ ಖಾರ, ಅದೇ ತಕ್ಕಡಿ, ಅದೇ ಕೆಮ್ಮು. ದಿನಾ ಮುಂಜಾನೆ ಫೋನಿನ ಆ್ಯಪ್‌ನಲ್ಲಿ ಕೆಲಸದ ಕರೆ ಬರುತ್ತಿತ್ತು, ಜೊತೆಗೆ ಆ ದಿನದ ಪಗಾರ. ಅವತ್ತು ಬಸ್ಸಿನಲ್ಲಿ ನೀನು ನನ್ನ ಫೋನ್ ಕಸಿದು ನೋಡಿದೆ. ನಿನಗಿಂತ ನನಗೆ ಎಂಬತ್ತು ರೂಪಾಯಿ ಹೆಚ್ಚಿತ್ತು. "ಮಾಲಕನ ಕಿವಿ ಊದಿ ನನ್ನ ಹೊಟ್ಟಿ ಮ್ಯಾಲ ಹೊಡದೀ ಏನ ಜಯಾ? ಇನ್ನ ನಿನ್ನ ಮಾರಿ ನೋಡಂಗಿಲ್ಲ ನಾ" ಎಂದು ಎಲ್ಲರೆದುರು ಅಂದು, ನೀನು ಹಾನಗಲ್ಲಿನ ನಿನ್ನ ತಮ್ಮನ ಮನೆಗೆ ಹೋಗಿಬಿಟ್ಟೆ. "ನಿನ್ನಾಣಿ ಅಕ್ಕಾ, ನನಗೇನೂ ಗೊತ್ತಿಲ್ಲ" ಎಂದು ನಾನು ಕೂಗಿದ್ದನ್ನು ಕೇಳಲೂ ಇಲ್ಲ. ಇಷ್ಟು ವರ್ಷ ಒಂದೇ ಬುತ್ತಿ ಉಂಡವಳು ಹೀಗೆ ಅನ್ನುವುದೇ ಎಂದು ಕಣ್ಣೀರು ಹಾಕಿದೆ, ನಿನ್ನನ್ನು ಬೈದೂ ಬೈದೆ.

ಹೋದ ವಾರ ಶಿಗ್ಗಾವಿಯಲ್ಲಿ ಕೂಲಿಯವರ ಸಂಘದ ಸಭೆಗೆ ಹೋಗಿದ್ದೆ. ಸಂಘದ ಶೈಲಶ್ರೀ ಮೇಡಂ ಆ ಆ್ಯಪಿನ ಒಳಗುಟ್ಟು ಬಿಡಿಸಿ ಹೇಳಿದರು. ಪಗಾರ ಬರೆಯುವವನು ಮಾಲಕನಲ್ಲವಂತೆ, ಯಂತ್ರವಂತೆ. ಕರೆ ಬಂದ ಮೇಲೆ ಯಾರು ಎಷ್ಟು ಬೇಗ ಒಪ್ಪುತ್ತಾರೆ ಎಂದು ಅದು ನೋಡುತ್ತಿರುತ್ತದೆ. ಆ್ಯಪ್ ಮಾರುವವರೇ ಮಾಲಕರಿಗೆ ಹೀಗೆ ಹೇಳಿಕೊಂಡಿದ್ದಾರಂತೆ. "ಲಗೂನ ಹೂಂ ಅಂದವರಿಗೆ ಗರಜು ಐತಿ, ಕಡಿಮಿ ಕೊಟ್ರೂ ಬರ್ತಾರ ಅಂತ ಅದು ತಿಳ್ಕೊಂತೈತ್ರಿ" ಎಂದರು ಮೇಡಂ.

ನನಗೆ ನಗು, ಅಳು ಎರಡೂ ಒಮ್ಮೆಲೇ ಬಂದವು. ನಮ್ಮ ಮನೆಯ ಫೋನ್ ಮುಂಜಾನೆ ಗಂಡನ ಕಿಸೆಯಲ್ಲಿರುತ್ತದೆ. ಅವರು ಹೊಲಕ್ಕೆ ನೀರು ಬಿಟ್ಟು ಬಂದ ಮೇಲೆಯೇ ನಾನು ಒಪ್ಪಿಗೆ ಒತ್ತುವುದು. ಅದಕ್ಕೇ ಯಂತ್ರ ನನ್ನನ್ನು ಹೆಚ್ಚು ಕೊಡದಿದ್ದರೆ ಬಾರದ ಭಾರಿ ಠೇಂಕಾರದ ಹೆಂಗಸು ಎಂದುಕೊಂಡಿತು. ನೀನೋ, ರೊಟ್ಟಿ ಬಡಿಯುತ್ತ ಹಿಟ್ಟಿನ ಕೈಯಲ್ಲೇ ಒತ್ತುವವಳು. "ಕೆಲಸಕ್ಕ ಕರದಾರ, ಕಾಯಿಸಿದ್ರ ಚಂದ ಏನವಾ?" ಎನ್ನುತ್ತಿದ್ದೆ. ನಿನ್ನ ಆ ಮರ್ಯಾದೆಯನ್ನು ಅದು ಗರಜು, ದುಡ್ಡಿನ ಅಡಚಣೆ ಎಂದು ಓದಿತಲ್ಲ, ಅದರ ಬಾಯಿಗೆ ಮಣ್ಣು ಬೀಳಲಿ!

ಇಂಥ ಪಗಾರಕ್ಕೆ ಕಡಿವಾಣ ಹಾಕುವ ಕಾನೂನಿನ ಮಾತು ದೂರದ ಕೆಲವು ದೇಶಗಳಲ್ಲಿ ನಡೆದಿದೆಯಂತೆ. ಫೋನ್ ನೋಡಿ ಕೂಲಿ ಕಟ್ಟಬಾರದು, ಒಂದೇ ಕೆಲಸಕ್ಕೆ ಒಂದೇ ಪಗಾರ ಎಂಬ ಕಾನೂನು ನಮಗೂ ಬೇಕೆಂದು ಬರುವ ಸೋಮವಾರ ಹಾವೇರಿಯಲ್ಲಿ ಅಧಿಕಾರಿಗಳ ಮುಂದೆ ಕೇಳಲಿದ್ದೇವೆ. ಹಿರೇಕೆರೂರಿನ ಹೆಂಗಸರೂ ಬರುತ್ತಾರೆ. ಆದರೆ ನನ್ನ ಫೋನ್ ಒಂದನ್ನೇ ತೋರಿಸಿದರೆ ಯಾರು ನಂಬುತ್ತಾರೆ? ನಿನ್ನದನ್ನೂ ಪಕ್ಕಕ್ಕಿಟ್ಟರೆ ಬೇರೆ ಮಾತೇ ಬೇಡ. ಹಳೆಯ ಕರೆಗಳನ್ನು ಅಳಿಸದೆ, ಫೋನ್ ಹಿಡಿದುಕೊಂಡು ಸೋಮವಾರ ಹಾವೇರಿಗೆ ಬಾ, ಮಾರಾಯ್ತಿ.

ಈಗ ಬಸ್ಸಿನಲ್ಲಿ ಎಲ್ಲರೂ ಅವರವರ ಪಗಾರವನ್ನು ಜೋರಾಗಿ ಓದಿ ಹೇಳುತ್ತೇವೆ. ನಮ್ಮ ಶೆಡ್ಡಿನ ಮುದಕವ್ವ ಓದುವಾಗ ಕಂಡಕ್ಟರನೂ ಕಿವಿ ಕೊಡುತ್ತಾನೆ. ಮುಚ್ಚಿಟ್ಟುಕೊಳ್ಳುವ ಕಾಲ ಮುಗಿಯಿತು ಎನಿಸುತ್ತದೆ ನನಗೆ. ನನ್ನ ಪಕ್ಕದ ಸೀಟಿನಲ್ಲಿ ಮಾತ್ರ ಇನ್ನೂ ಚೀಲವಿಟ್ಟೇ ಕೂರುತ್ತೇನೆ. ನೀನಿಲ್ಲದೆ ಬುತ್ತಿ ಒಳಗಿಳಿಯುವುದಿಲ್ಲ ಅಕ್ಕಾ.

ಇನ್ನು ಮೇಲೆ ಯಂತ್ರ ಕರೆದರೆ ಬೇಕೆಂದೇ ಕಾಯಿಸು. ನಾನು ಕರೆದದ್ದಕ್ಕೆ ಮಾತ್ರ ನಿನ್ನ ಹಳೆಯ ಚಾಳಿಯಂತೆ, ಹಿಟ್ಟಿನ ಕೈಯಲ್ಲೇ, ಹೂಂ ಅನ್ನು.

ನಿನ್ನ ಹೊಟ್ಟೆ ತಣ್ಣಗಿರಲಿ.

ಸೀಟು ಹಿಡಿದು ಕೂತಿರುವ,
ಜಯಾ