ಭೀಮಕ್ಕನ ಕಣ್ಣು ಯಾವ ಕಡತದಲ್ಲಿದೆ?

ನೇತ್ರದಾನದ ಕಡತ ಸದ್ಯ ಯಾರ ಮೇಜಿನ ಮೇಲಿದೆಯೋ ಆ ಮಾನ್ಯರೇ,

ಗೋವಿನಕೋವಿಯ ಭೀಮಕ್ಕನಿಗೆ ತಾವು ಬರೆದ ಪತ್ರ ಹೋದ ವಾರ ತಲುಪಿತು. ಕಣ್ಣುಗಳನ್ನು ದಾನ ಮಾಡುವುದಾಗಿ ಅವಳು ಬರೆದುಕೊಟ್ಟಿದ್ದಕ್ಕೆ ತಾವು ಅಭಿನಂದನೆ ಹೇಳಿದ್ದೀರಿ. ಜೊತೆಗೆ, "ತಾವು ನಿಧನರಾದ ಆರು ಗಂಟೆಯೊಳಗೆ ತಪ್ಪದೇ ಈ ಕಚೇರಿಗೆ ತಿಳಿಸತಕ್ಕದ್ದು" ಎಂದು ಸೂಚನೆಯನ್ನೂ ಕೊಟ್ಟಿದ್ದೀರಿ. ಭೀಮಕ್ಕ ಸತ್ತು ಎಂಟು ತಿಂಗಳಾಯಿತು. ಕಣ್ಣುಗಳ ಸಮೇತ ಮಣ್ಣಾದಳು. ತಮ್ಮ ಸೂಚನೆಯನ್ನು ಪಾಲಿಸಲು ಅವಳಿಗೆ ಸ್ವಲ್ಪ ಅನಾನುಕೂಲವಿರುವುದರಿಂದ ನಾನು ಉತ್ತರ ಬರೆಯುತ್ತಿದ್ದೇನೆ. ಪತ್ರದ ಕೆಳಗೆ ಸಹಿಯಿದೆ, ಹೆಸರಿಲ್ಲ. 'ಪರವಾಗಿ' ಎಂದಿದೆ, ಯಾರ ಪರವಾಗಿ ಎಂಬುದು ಮೊಹರಿನ ಶಾಯಿಯಲ್ಲಿ ಮುಳುಗಿಹೋಗಿದೆ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯಬೇಕಾಯಿತು. ಬೆಳಗಿನ ಚಹಾದ ಜೊತೆ ಪತ್ರಿಕೆ ಓದುವ ಕೆಲಸವೊಂದು ಎಲ್ಲ ಕಚೇರಿಗಳಲ್ಲೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ ಎಂದು ಕೇಳಿದ್ದೇನೆ.

ನನ್ನ ದೂರು ಇಷ್ಟೇ. ಸತ್ತವರ ಕಣ್ಣನ್ನು ಬದುಕಿರುವವರಿಗೆ ಹಾಕಲು ಅಪ್ಪಣೆಯೇನೋ ಇದೆ. ಆದರೆ ಕೊಡುತ್ತೇನೆ ಎಂದವರು ಯಾರು, ಬೇಕೆಂದು ಕಾದವರು ಯಾರು ಎಂದು ಇಡೀ ರಾಜ್ಯಕ್ಕೆ ಒಂದೇ ಕಡೆ ಬರೆದಿಟ್ಟ ಪುಸ್ತಕವಿಲ್ಲ. ಬರೆದಿಡಲೇಬೇಕು ಎನ್ನುವ ಕಾಯಿದೆಯೂ ಇಲ್ಲ. ಕಣಕ್ಕೆ ಬಂದ ಜೋಳದ ಚೀಲಕ್ಕೆ ಲೆಕ್ಕವಿದೆ, ಊರ ಬೀದಿನಾಯಿಗೆ ಬಿಲ್ಲೆಯಿದೆ. ಕಣ್ಣಿಗೆ ಏನೂ ಇಲ್ಲ.

ನಾನು ಹೊನ್ನಾಳಿಯಲ್ಲಿ ಕನ್ನಡ ಪಾಠ ಹೇಳುವವಳು. ಕವಿಗಳು ಕಣ್ಣನ್ನು ತಾವರೆ, ಮೀನು, ಜಿಂಕೆ ಎಂದೆಲ್ಲ ಕರೆದದ್ದನ್ನು ಇಪ್ಪತ್ತು ವರ್ಷದಿಂದ ವಿವರಿಸುತ್ತ ಬಂದಿದ್ದೇನೆ. ಕಣ್ಣಿಗೆ ಅರ್ಜಿ ನಮೂನೆಯೂ ಇರುತ್ತದೆ ಎಂದು ತಿಳಿದದ್ದು ಮಾತ್ರ ಎರಡು ವರ್ಷದ ಹಿಂದೆ, ನಮ್ಮ ಕಾಲೇಜಿನ ಮಕ್ಕಳೊಂದಿಗೆ ಗೋವಿನಕೋವಿಯಲ್ಲಿ ಶಿಬಿರ ಮಾಡಿದಾಗ. ತಾಲ್ಲೂಕಿನ ಡಾಕ್ಟರು ನೇತ್ರದಾನದ ಅರ್ಜಿಗಳ ಕಟ್ಟು ತಂದಿದ್ದರು. ಅರ್ಜಿಯ ಮೇಲಿನ ಅರ್ಧ ಕಚೇರಿಗೆ ಹೋಗುತ್ತದೆ. ಕೆಳಗಿನ ಅರ್ಧ ದಪ್ಪನೆಯ ಹಳದಿ ಕಾರ್ಡು, ಅದು ದಾನಿಗೆ. ಕಾರ್ಡಿನ ಮೇಲೆ ರೆಪ್ಪೆ ಬಿಚ್ಚಿಕೊಂಡ ದೊಡ್ಡದೊಂದು ಕಣ್ಣಿನ ಚಿತ್ರ, ಸುತ್ತ ಸೂರ್ಯನ ಹಾಗೆ ಕಿರಣ.

ಮೊದಲ ದಿನ ಬರೆದುಕೊಟ್ಟವರು ಇಬ್ಬರು. ಎರಡನೆಯ ದಿನ ಸಾಲು ನಿಂತಿತು. ಸಂಜೆಯ ಹೊತ್ತಿಗೆ ನಲವತ್ತಮೂರು ಜನ! ಡಾಕ್ಟರು ಪುಳಕಗೊಂಡರು. ನಾನು ಹಳ್ಳಿಯ ಹೃದಯವಂತಿಕೆಯ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಭಾಷಣ ಮಾಡಿದೆ. ಅಷ್ಟರಲ್ಲಿ ಗಾದ್ರಪ್ಪ ಎಂಬ ರೈತ ತನ್ನದು, ಹೆಂಡತಿಯದು ಬರೆಸಿ, ಮೂರನೆಯದನ್ನು ಅಪ್ಪನ ಹೆಸರಿಗೆ ಕೇಳಿದ.

"ನಿಮ್ಮಪ್ಪ ತೀರಿಕೊಂಡು ವರ್ಷವಾಯ್ತು ಅಂದೆಯಲ್ಲಪ್ಪಾ?"

"ಹೌದ್ರೀ ಅಮ್ಮಾರೆ. ಆದ್ರೆ ಕೊಟ್ಟಿಗೆ ಇನ್ನೂ ಅವನ ಹೆಸರ್ನಾಗೇ ಐತೆ."

ಆಗ ಗೊತ್ತಾಯಿತು. ಜನ ಕಾರ್ಡನ್ನು ಒಯ್ದು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದರು. ಹಳೇ ಚಪ್ಪಲಿ, ಬೂದುಗುಂಬಳಕಾಯಿಗಳಿಗಿಂತ ಇದು ಬಲವಾದದ್ದು. ಕಣ್ಣಿಗೆ ಕಣ್ಣೇ ಎದುರು, ಅದರಲ್ಲೂ ಸರ್ಕಾರದ ಕಣ್ಣು! ಹೀಗೆ ತಾವು ನೇತ್ರದಾನಕ್ಕೆಂದು ಅಚ್ಚು ಹಾಕಿಸಿದ ಕಾರ್ಡು ದೃಷ್ಟಿ ತಾಗದಿರಲೆಂದು ಕಟ್ಟುವ ಬೊಂಬೆಯಾಯಿತು. ತಮ್ಮ ವಾರ್ಷಿಕ ವರದಿಯಲ್ಲಿ 'ಒಂದೇ ದಿನ ನಲವತ್ತಮೂರು ದಾನಿಗಳು' ಎಂದು ಬಂದಿದ್ದರೆ ದಯವಿಟ್ಟು ನಲವತ್ತೆರಡನ್ನು ಹೊಡೆದುಹಾಕಿ. ಉಳಿದ ಒಂದು ಭೀಮಕ್ಕನದು. ಊರಿನವರು ಅಷ್ಟೆಲ್ಲ ಕಾರ್ಡು ಕಟ್ಟಿದ್ದೂ ಭೀಮಕ್ಕನ ಕಣ್ಣಿಗೆ ಹೆದರಿಯೇ.

ಭೀಮಕ್ಕ ಮನೆಮನೆಗೆ ಸೊಪ್ಪು ಮಾರುತ್ತಿದ್ದ ವಿಧವೆ, ಮಕ್ಕಳಿಲ್ಲ, ಅರವತ್ತರ ಆಸುಪಾಸು. ಅವಳ ಕಣ್ಣು ತಾಗಿದರೆ ಹಾಲು ಒಡೆಯುತ್ತದೆ, ಕೂಸು ರಚ್ಚೆ ಹಿಡಿಯುತ್ತದೆ ಎಂದು ಊರೆಲ್ಲ ನಂಬಿತ್ತು. ಅವಳ ಬುಟ್ಟಿ ಬೀದಿ ತಿರುಗಿದ ಕೂಡಲೇ ಹಾಲಿನ ತಪ್ಪಲೆಗೆ ಮುಚ್ಚಳ ಬೀಳುತ್ತಿತ್ತು, ಮಗು ಸೆರಗಿನೊಳಗೆ ಹೋಗುತ್ತಿತ್ತು. ಸೊಪ್ಪನ್ನು ಮಾತ್ರ ಎಲ್ಲರೂ ಕೊಳ್ಳುತ್ತಿದ್ದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಇಷ್ಟು ಸ್ವಚ್ಛವಾದ ಕಣ್ಣನ್ನು ಈ ತಾಲ್ಲೂಕಿನಲ್ಲಿ ನಾನು ನೋಡಿಲ್ಲ" ಎಂದರು. ಅವಳ ಎದುರು ನಿಂತು ಸಾಕ್ಷಿ ಹಾಕಲು ಊರಿನವರು ಯಾರೂ ಬರಲಿಲ್ಲ. ನಾನೂ ಡಾಕ್ಟರ ಕಾಂಪೌಂಡರೂ ಹಾಕಿದೆವು. ಹೆಬ್ಬೆಟ್ಟು ಒತ್ತಿದ ಮೇಲೆ ಅವಳು ನನ್ನ ಹತ್ತಿರ ಬಗ್ಗಿ ಹೇಳಿದಳು:

"ಅಮ್ಮಾರೆ, ಇದನ್ನ ಯಾರಿಗಾರ ಹಾಕ್ರಿ. ಆದ್ರೆ ಯಾರ ಕಣ್ಣು ಅಂತ ಮಾತ್ರ ಹೇಳಬ್ಯಾಡ್ರಿ. ಅವರಿಗೂ ಜನ ಬಾಗ್ಲು ಹಾಕ್ಯಾರು."

ಕಣ್ಣಿನ ಬಗ್ಗೆ ನಾನು ಓದಿದ ಪದ್ಯಗಳಲ್ಲಿ ಈ ಸಾಲಿನ ಹತ್ತಿರ ಬರುವುದು ಕಡಿಮೆ.

ಇನ್ನು ಕಾದವರ ಕಥೆ. ಜಗಳೂರಿನ ಸುಂಕಲಮ್ಮ ನನ್ನ ವಿದ್ಯಾರ್ಥಿನಿ. ಒಂದು ಕಣ್ಣು ಚಿಕ್ಕಂದಿನ ಸಿಡುಬಿನಲ್ಲಿ ಹೋಗಿತ್ತು. ಇನ್ನೊಂದರಲ್ಲೇ ಓದಿ ಪಿಯುಸಿ ಪಾಸಾದಳು, ಟೀಚರ್ ಟ್ರೈನಿಂಗಿಗೆ ಸೀಟೂ ಸಿಕ್ಕಿತು. ಅದೇ ವರ್ಷ ಕಣದಲ್ಲಿ ಸಜ್ಜೆ ತೂರುವಾಗ ಆ ಕಣ್ಣಿಗೆ ಹೊಟ್ಟು ಹೊಕ್ಕಿತು. ಯಾರೋ ಸೊಪ್ಪಿನ ರಸ ಹಿಂಡಿದರು. ಕಣ್ಣಿನ ಮುಂದಿನ ಗಾಜು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಒಳಗೆ ಎಲ್ಲ ಸರಿಯಿದೆ, ಆ ಗಾಜನ್ನು ಬದಲಿಸಿದರೆ ಸಾಕು ಎಂದು ದೊಡ್ಡ ಡಾಕ್ಟರು ಹೇಳಿದರು. "ಆಪರೇಷನ್ ನಾನು ಮಾಡ್ತೀನಿ. ಕಣ್ಣು ತಗೊಂಡು ಬನ್ನಿ" ಎಂದರು. ಬರುವಾಗ ಕೊತ್ತಂಬರಿ ತನ್ನಿ ಎಂದ ಹಾಗೆ! ಮೂರು ಆಸ್ಪತ್ರೆಗಳಲ್ಲಿ ಹೆಸರು ಬರೆಸಿದ್ದಾಳೆ. ಒಂದು ಕಡೆ ಅವಳು ಹದಿನಾಲ್ಕನೆಯವಳು, ಇನ್ನೊಂದು ಕಡೆ ಮೂವತ್ತೊಂದನೆಯವಳು, ಮೂರನೆಯ ಕಡೆ 'ನೋಡೋಣ'.

"ಮೂರು ಪುಸ್ತಕದಾಗೆ ಇದೀನಿ ಮಿಸ್" ಎಂದು ನಗುತ್ತಾಳೆ, "ಒಂದ್ರಾಗೂ ಯಾರ ಕಣ್ಣಿಗೂ ಬಿದ್ದಿಲ್ಲ."

ಟ್ರೈನಿಂಗಿನವರು ದೊಡ್ಡ ಮನಸ್ಸು ಮಾಡಿ ಸೀಟನ್ನು ಬರುವ ಜೂನ್‌ವರೆಗೆ ಹಿಡಿದಿಟ್ಟಿದ್ದಾರೆ. ಇದು ಮಾರ್ಚ್.

ಈಗ ತಾವು ಕಳೆದುಕೊಂಡ ಆರು ಗಂಟೆಗಳ ವರದಿ. ಹೋದ ಜುಲೈನಲ್ಲಿ ಒಂದು ಬೆಳಿಗ್ಗೆ ಎಂಟಕ್ಕೆ ಭೀಮಕ್ಕ ಬುಟ್ಟಿ ಇಳಿಸಿ ಜಗುಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಒಂಬತ್ತೂವರೆಗೆ ಗಾದ್ರಪ್ಪ ಬಸ್ಸಿನಲ್ಲಿ ಹೊನ್ನಾಳಿಗೆ ಓಡಿಬಂದ.

"ಭೀಮಕ್ಕ ಹೋದ್ಲು ಅಮ್ಮಾರೆ. ಕಣ್ಣು ಬಿಟ್ಕಂಡೇ ಹೋಗ್ಯಾಳೆ. ಮುಚ್ಚಾಕೆ ಯಾರಿಗೂ ಧೈರ್ಯ ಇಲ್ಲ."

ಡಾಕ್ಟರ ಜೀಪಿನಲ್ಲಿ ಹೋದೆವು. ರೆಪ್ಪೆಗಳನ್ನು ನಾನೇ ಮುಚ್ಚಿದೆ, ಡಾಕ್ಟರು ಒದ್ದೆ ಹತ್ತಿ ಇಟ್ಟರು. ಕಣ್ಣು ತೆಗೆಯಲು ಅವರಿಗೆ ಬರುತ್ತಿತ್ತು. ಐಸು ತುಂಬಿದ ಥರ್ಮಾಸು ಸಿದ್ಧವಿತ್ತು. "ಹತ್ತಿರದ ಬಂಧುಗಳ ಸಹಿ ಬೇಕು, ಇಲ್ಲವೇ ಅವಳ ಕಾರ್ಡು ಬೇಕು" ಎಂದರು. ಬಂಧು ಎಂದರೆ ಸಂತೇಬೆನ್ನೂರಿನಲ್ಲಿದ್ದ ತಂಗಿಯ ಮಗ ಒಬ್ಬನೇ. ಅವನಿಗೆ ಸುದ್ದಿ ಹೋಗಿ, ಅವನು ಬಸ್ಸು ಬದಲಿಸಿ ಬರುವಷ್ಟರಲ್ಲಿ ಸಂಜೆ. ಕಾರ್ಡು ಹುಡುಕಿದೆವು. ಗಾದ್ರಪ್ಪ ನೆಲ ನೋಡುತ್ತ ನಿಂತಿದ್ದ.

"ಕಾರ್ಡು ನನ್ ಹತ್ರ ಇತ್ತು ರೀ."

"ಇತ್ತು ಅಂದ್ರೆ?"

"ಎಲ್ಲರ ಕಾರ್ಡಿಗಿಂತ ಅವಳದ್ರಾಗೇ ಜೋರು ಇರ್ತೈತೆ ಅಂತ ಇಸ್ಕಂಡಿದ್ದೆ. ನಗ್ತಾನೇ ಕೊಟ್ಲು ರೀ. 'ತಗಳಪ್ಪ, ನನ್ನಿಂದ ನಿನ್ನೆಮ್ಮೆ ಕಾಯಾಕೆ ನನ್ನದೇ ಕಾರ್ಡು' ಅಂದ್ಲು. ಎಮ್ಮೆ ಕೊರಳಿಗೆ ಕಟ್ಟಿದ್ದೆ."

"ಎಮ್ಮೆ ಎಲ್ಲಿ?"

"ಸಂತೇಬೆನ್ನೂರು ಸಂತ್ಯಾಗೆ ಮಾರಿದೆ ರೀ."

"ಮಾರುವಾಗ ಕಾರ್ಡು ಬಿಚ್ಚಿಕೊಳ್ಳಬಾರದಿತ್ತೇ?"

"ಹಗ್ಗ ಬಿಚ್ಕಂತೀವಿ ರೀ. ದೃಷ್ಟಿಗೆ ಕಟ್ಟಿದ್ದು ಬಿಚ್ಚಂಗಿಲ್ಲ. ಬಿಚ್ಚಿದ್ರೆ ತಗಂಡೋನಿಗೆ ಮೋಸ ಮಾಡ್ದಂಗೆ."

ಎಂಥ ಪ್ರಾಮಾಣಿಕ ವ್ಯವಹಾರ! ಹೀಗೆ ಈ ರಾಜ್ಯದಲ್ಲಿ ಸಾಕ್ಷಿ ಸಮೇತ ನೇತ್ರದಾನದ ಪ್ರತಿಜ್ಞೆ ಮಾಡಿದ ಎಮ್ಮೆಯೊಂದು ಚನ್ನಗಿರಿ ತಾಲ್ಲೂಕಿನಲ್ಲಿ ಎಲ್ಲೋ ಹುಲ್ಲು ಮೇಯುತ್ತಿದೆ. ಸಾಕ್ಷಿ ನಾನೇ ಇದ್ದೇನಲ್ಲ ಎಂದೆ. "ನೀವಿದ್ದೀರಿ ಮೇಡಂ, ನೀವು ಸಾಕ್ಷಿ ಹಾಕಿದ ಕಾಗದ ಎಲ್ಲಿ?" ಎಂದರು ಡಾಕ್ಟರು. "ಕಾಗದವಿಲ್ಲದೆ ಹೆಣದ ಕಣ್ಣಿಗೆ ಕೈಹಾಕಿದರೆ ನನ್ನನ್ನು ಕಳ್ಳ ಅಂತಾರೆ." ಅವರದು ತಪ್ಪಲ್ಲ. ಅರ್ಜಿಯ ಮೇಲಿನ ಅರ್ಧ ತಮ್ಮ ಬಳಿ ಇತ್ತಲ್ಲ! ನ್ಯಾಮತಿಯ ಅಂಚೆ ಕಚೇರಿಗೆ ಹೋಗಿ ರಾಜಧಾನಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಒಂದೂ ಹತ್ತಕ್ಕೆ ಲೈನು ಸಿಕ್ಕಿತು.

"ಅರ್ಜಿ ನಂಬರ್ ಹೇಳಿ."

"ನಂಬರು ಕಾರ್ಡಿನ ಮೇಲಿದೆ."

"ಹಾಗಾದರೆ ಕಾರ್ಡು ನೋಡಿ ಹೇಳಿ."

"ಕಾರ್ಡು ಇಲ್ಲ ಅಂತಲೇ ನಿಮ್ಮನ್ನು ಕೇಳ್ತಿದ್ದೀನಿ. ಹೆಸರು ಭೀಮಕ್ಕ, ಗೋವಿನಕೋವಿ."

"ಹೆಸರಿನ ಪ್ರಕಾರ ಇಟ್ಟಿಲ್ಲ ಮೇಡಂ. ಬಂದ ಹಾಗೆ ಕಟ್ಟಿಟ್ಟಿದ್ದೀವಿ. ಯಾರಿಗೆ ಹಾಕಿಸಬೇಕು ಅಂತಿದ್ದೀರಿ?"

ಬಾಯಿ ತಪ್ಪಿ ಜಗಳೂರು ಎಂದೆ. "ಓ, ದಾನಿ ಶಿವಮೊಗ್ಗ ಜಿಲ್ಲೆ, ಪೇಷಂಟು ಚಿತ್ರದುರ್ಗ ಜಿಲ್ಲೆ. ಅದು ಬೇರೆ ಸೆಕ್ಷನ್ನು" ಎಂದರು. ಮೂರು ನಿಮಿಷ ಮುಗಿಯಿತು, ಲೈನು ಸತ್ತಿತು. ಎರಡು ಗಂಟೆಗೆ, ಆರು ಗಂಟೆಯ ಗಡುವು ಮುಗಿದ ಮೇಲೆ, ಡಾಕ್ಟರು ಹತ್ತಿ ತೆಗೆದರು. ಥರ್ಮಾಸಿನಲ್ಲಿ ಐಸು ಕರಗಿ ನೀರಾಗಿತ್ತು, ಅದನ್ನು ಅಂಗಳಕ್ಕೆ ಚೆಲ್ಲಿದರು. ನಾಲ್ಕಕ್ಕೆ ಬಂದ ತಂಗಿಯ ಮಗ, "ನಾನು ಸಹಿ ಹಾಕ್ತಿದ್ನಲ್ರೀ" ಎಂದು ಕೂತುಬಿಟ್ಟ.

ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಭೀಮಕ್ಕನ ಕಣ್ಣು ಸುಂಕಲಮ್ಮನಿಗೇ ಸಿಗಲಿ ಎಂದು ನಾನು ಬಯಸಿದ್ದು ನ್ಯಾಯವಲ್ಲ. ಅವಳಿಗಿಂತ ಮುಂಚೆ ಹದಿಮೂರು ಜನ, ಅಥವಾ ಮೂವತ್ತು ಜನ ಇದ್ದರು. ಅವರಿಗೆ ಟ್ರಂಕ್ ಕಾಲ್ ಮಾಡಬಲ್ಲ ಮೇಡಂ ಇರಲಿಲ್ಲ, ಅಷ್ಟೇ. ಒಂದೇ ಪುಸ್ತಕ ಬೇಕು ಎನ್ನುವುದು ಈ ಕಾರಣಕ್ಕೂ ಹೌದು. ನನ್ನಂಥ ಮಾತುಗಾರರಿಂದ ಮಾತು ಬಾರದವರನ್ನು ಕಾಪಾಡಲು ಕಾಯಿದೆಯೇ ಬೇಕು, ನಮ್ಮ ಒಳ್ಳೆಯತನ ಸಾಲದು.

ಗೋವಿನಕೋವಿಯ ಜನ ಏನು ಮಾಡಿದರು ಗೊತ್ತೇ? ಕಣ್ಣು ತೆಗೆದೇ ಒಯ್ದರು ಎಂದು ತಪ್ಪಾಗಿ ತಿಳಿದು, ಅದು ಈಗ ಯಾರ ಮುಖದಲ್ಲಿದೆ ಎಂದು ಗಾಬರಿಯಾದರು. ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದ ಬೀಜದ ಕಂಪನಿಯವನೊಬ್ಬನನ್ನು ಕಂಡು ಇಡೀ ಬೀದಿ ಬಾಗಿಲು ಹಾಕಿತು. ಆಮೇಲೆ ಹೆಬ್ಬೆಟ್ಟುಗಳಿರುವ ಮನವಿಯೊಂದು ನನ್ನ ಕೈಗೆ ಬಂತು: 'ಯಾರ ಕಣ್ಣು ಯಾರಿಗೆ ಹೋಯಿತು ಎಂಬುದಕ್ಕೆ ಸರ್ಕಾರ ದಾಖಲೆ ಇಡತಕ್ಕದ್ದು.' ತಜ್ಞರ ಸಮಿತಿ ಇಷ್ಟು ಸ್ಪಷ್ಟವಾಗಿ ಬರೆಯುತ್ತಿತ್ತೇ? ಕಾರಣ ತಪ್ಪಿರಬಹುದು, ಬೇಡಿಕೆ ಸರಿಯಿದೆ. ನನ್ನದು ಒಂದೇ ತಿದ್ದುಪಡಿ. ದಾಖಲೆ ಇರಲಿ, ಆದರೆ ಕೊಟ್ಟವರ ಹೆಸರು ಪಡೆದವರಿಗೂ ಊರಿಗೂ ತಿಳಿಯಬಾರದು. ಭೀಮಕ್ಕ ಬಗ್ಗಿ ಹೇಳಿದ ಮಾತನ್ನು ಮಸೂದೆಯ ಒಂದು ಕಲಮು ಮಾಡಿ. ಭಾಷೆ ತಿದ್ದಿಕೊಡಲು ನಾನು ಸಿದ್ಧ.

ಕಣ್ಣಿನ ಜೊತೆ ಬೇರೆ ಅಂಗಗಳಿಗೂ ಜಾಗ ಬಿಡಿ. ಮೂತ್ರಪಿಂಡ ಈಗಾಗಲೇ ಬದಲಾಗುತ್ತಿದೆ, ಸುಟ್ಟವರಿಗೆ ಚರ್ಮ ಹಾಕುತ್ತಾರೆ, ನಾಳೆ ಏನೇನು ಬರುತ್ತದೋ ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಪ್ರತಿ ಅಂಗಕ್ಕೂ ಒಂದೊಂದು ಭೀಮಕ್ಕ ಮಣ್ಣಾದ ಮೇಲೆ ಒಂದೊಂದು ಕಾಯಿದೆ ಮಾಡುವಷ್ಟು ಭೀಮಕ್ಕಂದಿರು ನಮ್ಮಲ್ಲಿಲ್ಲ.

ಕಣ್ಣು ಯಾರಿಗೂ ಹೋಗಿಲ್ಲ, ಮಣ್ಣಿಗೆ ಹೋಯಿತು ಎಂದು ನಾನೇ ಗೋವಿನಕೋವಿಗೆ ಹೋಗಿ ಹೇಳಿದೆ, ಸುಂಕಲಮ್ಮನ ವಿಷಯವನ್ನೂ ಹೇಳಿದೆ. ಮರುವಾರ ಗಾದ್ರಪ್ಪ ಮನೆಗೆ ಬಂದ. ಕೊಟ್ಟಿಗೆಯಿಂದ ಕಿತ್ತ ಅವನದೇ ಕಾರ್ಡು ಕೈಯಲ್ಲಿತ್ತು, ಮೊಳೆಯ ತೂತು ಸರಿಯಾಗಿ ಕಣ್ಣಿನ ಪಾಪೆಯ ಮೇಲೆ.

"ಈ ಸಲ ನಿಜವಾಗ್ಲೂ ಬರ್ಕಳ್ರಿ ಅಮ್ಮಾರೆ."

"ಬರೀ ಕಣ್ಣೋ, ಬೇರೆಯದೂ ಬರೆಯಲೋ?"

"ಎಲ್ಲಾ ಬರ್ಕಳ್ರಿ. ಲಿವರ್ ಒಂದು ಬಿಡ್ರಿ, ಅದು ಆಗ್ಲೇ ಸಾರಾಯಿ ಅಂಗ್ಡಿಗೆ ಬರ್ದಾಗೈತೆ." ಕಾರ್ಡನ್ನು ನನ್ನ ಕೈಗಿಟ್ಟು ಕೇಳಿದ: "ಆದ್ರೆ ನಾ ಸತ್ ದಿನ ನಮ್ಮೋರು ಯಾರಿಗೆ ಹೇಳ್ಬೇಕು?"

ಎಂ.ಎ. ಮಾಡಿದವಳು ಆ ಪ್ರಶ್ನೆಯನ್ನು ಹಾಗೇ ತಮಗೆ ದಾಟಿಸುತ್ತಿದ್ದೇನೆ.

ಆದ್ದರಿಂದ ಮಾನ್ಯರೇ, ಬರುವ ಅಧಿವೇಶನದಲ್ಲಿ ಮಸೂದೆ ತನ್ನಿ. ರಾಜ್ಯಕ್ಕೆಲ್ಲ ಒಂದೇ ಪುಸ್ತಕ, ಅದರಲ್ಲಿ ಕೊಡುವವರೂ ಕಾಯುವವರೂ ಸರದಿಯ ಪ್ರಕಾರ ಇರಲಿ. ಹೆಸರು ಹೇಳಿದರೆ ಸಾಕು, ಹುಡುಕಿ ಕೊಡುವಂತಿರಲಿ. ಪ್ರತಿ ತಾಲ್ಲೂಕಿನಲ್ಲೂ ಅದರದೊಂದು ಪ್ರತಿ ಇರಲಿ. ಕಾಯಿದೆ ಜೂನ್ ಒಳಗೆ ಆಗುವುದಿಲ್ಲ ಎಂದು ನನಗೆ ಗೊತ್ತು. ಅಷ್ಟರವರೆಗೆ ಒಂದು ಆಜ್ಞೆ ಹೊರಡಿಸಿ, ಕಟ್ಟಿಟ್ಟ ಅರ್ಜಿಗಳ ದಾರ ಬಿಚ್ಚಿಸಿ, ಹೆಸರುಗಳನ್ನು ಅಕಾರಾದಿಯಾಗಿ ಬರೆಸಿ. ಗುಮಾಸ್ತರು ಸಾಲದಿದ್ದರೆ ನಮ್ಮ ಕಾಲೇಜಿನ ಮಕ್ಕಳಿಗೆ ಬೇಸಿಗೆ ರಜೆಯಿದೆ, ಕರೆದುಕೊಂಡು ಬರುತ್ತೇನೆ. ಸುಂಕಲಮ್ಮನೂ ಬರುತ್ತಾಳಂತೆ. ಅವಳು ಬರೆಯಲಾರಳು. ಮಕ್ಕಳು ಹೆಸರು ಕೂಗಿದರೆ ಯಾವ ಅಕ್ಷರದ ಕೆಳಗೆ ಬರುತ್ತದೆಂದು ಹೇಳುತ್ತಾಳೆ. ಅಕ್ಷರಮಾಲೆ ಅವಳಿಗೆ ಇನ್ನೂ ಬಾಯಿಗೇ ಬರುತ್ತದೆ.

ಇಂತಿ,
ಇಲ್ಲದ ಕಾಗದಕ್ಕೆ ಸಾಕ್ಷಿಯಾಗಿ,
ಸದ್ಯಕ್ಕೆ ಎರಡು ಕಣ್ಣು ತನ್ನ ಬಳಿಯೇ ಇಟ್ಟುಕೊಂಡಿರುವ
ಹೊನ್ನಾಳಿಯ ಕನ್ನಡ ಅಧ್ಯಾಪಕಿ